ಗರ್ಭಕೋಶದ ಗೋಡೆಗಳು ಬೆಸೆದುಕೊಳ್ಳದಂತೆ

ಸುಟ್ಟ ಕೈಗೆ ಪಟ್ಟಿ ಕಟ್ಟುವ ವೈದ್ಯರು ಬೆರಳು ಬೆರಳಿನ ನಡುವೆ ಬಟ್ಟೆಯ ತುಂಡೊಂದನ್ನು ತಪ್ಪದೆ ಇರಿಸುತ್ತಾರೆ. ಇರಿಸದಿದ್ದರೆ, ಚರ್ಮ ಕಳೆದುಕೊಂಡ ಬೆರಳುಗಳು ಮಾಯುವಾಗ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಗಾಯಗೊಂಡ ಎರಡು ಮೈಗಳು ತಾಗಿಕೊಂಡಿದ್ದರೆ ದೇಹವು ಅವೆರಡನ್ನೂ ಒಂದೇ ಗಾಯವೆಂಬಂತೆ ಮುಚ್ಚಿಬಿಡುತ್ತದೆ. ಗರ್ಭಕೋಶದೊಳಗೂ ಹೀಗೆಯೇ ಆಗಬಹುದು.

ಗರ್ಭಕೋಶವನ್ನು ಬರಿದಾದ ಗಡಿಗೆಯಂತೆ ಕಲ್ಪಿಸಿಕೊಳ್ಳುವುದು ಸರಿಯಲ್ಲ. ಗರ್ಭವಿಲ್ಲದಾಗ ಅದರ ಮುಂದಿನ ಮತ್ತು ಹಿಂದಿನ ಗೋಡೆಗಳು, ಮಡಿಸಿಟ್ಟ ಚೀಲದ ಒಳಮೈಗಳಂತೆ, ಒಂದನ್ನೊಂದು ತಾಗಿಕೊಂಡೇ ಇರುತ್ತವೆ. ಒಳಪೊರೆಯಲ್ಲಿ ಎರಡು ಪದರಗಳುಂಟು. ಮೇಲಿನ ಪದರವು ಋತುಸ್ರಾವದಲ್ಲಿ ಕಳಚಿಹೋಗುತ್ತದೆ. ತಳಪದರವು ಉಳಿದುಕೊಂಡು ಅದನ್ನು ಮತ್ತೆ ಬೆಳೆಸುತ್ತದೆ. ರೈತನು ಬಿತ್ತನೆಗಾಗಿ ಕಾದಿರಿಸಿದ ಬೀಜದಂತೆ ಈ ತಳಪದರ. ಅದು ಇರುವವರೆಗೂ ಒಳಪೊರೆಯು ತಿಂಗಳು ತಿಂಗಳೂ ಕಲೆಯಿಲ್ಲದೆ ಮಾಯುತ್ತದೆ.

ಗರ್ಭಸ್ರಾವದ ಅಥವಾ ಹೆರಿಗೆಯ ನಂತರ ಒಳಗೆ ಉಳಿದುದನ್ನು ಹರಿತವಾದ ಉಪಕರಣದಿಂದ ಕೆರೆದು ತೆಗೆಯುವಾಗ ಈ ತಳಪದರವೂ ಕಿತ್ತುಹೋಗಬಹುದು. ಆಗ ಗಾಯದಿಂದ ಒಸರಿದ ರಕ್ತದಲ್ಲಿ ಫೈಬ್ರಿನ್ ಎಂಬ ಎಳೆಗಳು ಮೂಡಿ ಎರಡು ಗೋಡೆಗಳ ನಡುವೆ ಹರಡುತ್ತವೆ. ದೇಹವು ಇವನ್ನು ಕರಗಿಸಿಬಿಟ್ಟರೆ ಚಿಂತೆಯಿಲ್ಲ. ಕರಗದಿದ್ದರೆ ಕೆಲವೇ ದಿನಗಳಲ್ಲಿ ಜೀವಕೋಶಗಳು ಅವುಗಳೊಳಕ್ಕೆ ಹೊಕ್ಕು ಕೊಲಾಜೆನ್ನಿನ ಗಟ್ಟಿ ಸೇತುವೆಯನ್ನು ಕಟ್ಟುತ್ತವೆ. ಋತುಸ್ರಾವ ಕಡಿಮೆಯಾಗುವುದು ಅಥವಾ ನಿಲ್ಲುವುದು, ಬಸಿರಾಗದಿರುವುದು, ಮರಳಿ ಮರಳಿ ಗರ್ಭಸ್ರಾವವಾಗುವುದು ಇದರ ಪರಿಣಾಮಗಳು. ಇಂಥ ಸ್ಥಿತಿಯನ್ನು ಜರ್ಮನಿಯ ಹೈನ್‌ರಿಖ್ ಫ್ರಿಟ್ಷ್ 1894ರಲ್ಲಿಯೇ ವರ್ಣಿಸಿದ್ದರು. 1948ರಲ್ಲಿ ಜೋಸೆಫ್ ಆಶರ್ಮನ್ ವಿವರವಾಗಿ ಬರೆದ ಮೇಲೆ ಅದಕ್ಕೆ ಅವರ ಹೆಸರೇ ನಿಂತಿತು. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವೂ ಇದಕ್ಕೆ ಒಂದು ಕಾರಣ.

ತಡೆಯುವ ಉಪಾಯಗಳು ಎರಡು ಬಗೆಯವು. ತಳಪದರಕ್ಕೆ ಗಾಯವಾಗದಂತೆ ನೋಡಿಕೊಳ್ಳುವುದು ಮೊದಲನೆಯದು. ಔಷಧಿಯಿಂದಲೇ ಗರ್ಭಕೋಶವು ತೆರವಾಗುವಂತಿದ್ದರೆ ಉಪಕರಣದ ಗೊಡವೆಯೇ ಬೇಡ. ಉಪಕರಣ ಬೇಕಾದಾಗ ಕೆರೆಯುವುದಕ್ಕಿಂತ ಹೀರುವುದು ಮೇಲು. ನಳಿಕೆಯೊಂದಕ್ಕೆ ಜೋಡಿಸಿದ ಪಿಚಕಾರಿಯ ಕೊಂತವನ್ನು ಎಳೆದಾಗ ಒತ್ತಡ ತಗ್ಗುತ್ತದೆ. ಸಡಿಲವಾಗಿರುವುದು ನಳಿಕೆಯೊಳಕ್ಕೆ ಬರುತ್ತದೆ, ಗಟ್ಟಿಯಾಗಿ ಕಚ್ಚಿಕೊಂಡಿರುವ ತಳಪದರ ಬಹುಮಟ್ಟಿಗೆ ಉಳಿಯುತ್ತದೆ. ಗರ್ಭಕೋಶದೊಳಕ್ಕೆ ಸಣ್ಣ ದರ್ಶಕವನ್ನು ತೂರಿಸಿ, ಕಣ್ಣಿಂದ ಕಂಡು, ಬೇಕಾದಷ್ಟನ್ನೇ ತೆಗೆಯುವ ಕ್ರಮವೂ ಇದೆ.

ಮಾಯುವವರೆಗೆ ಗೋಡೆಗಳನ್ನು ಬೇರೆಬೇರೆಯಾಗಿ ಇರಿಸುವುದು ಎರಡನೆಯದು. ಬೆರಳುಗಳ ನಡುವಿನ ಬಟ್ಟೆ ಇಲ್ಲಿ ಬೇರೆ ರೂಪ ತಾಳುತ್ತದೆ: ಕೆಲವು ದಿನಗಳ ಮಟ್ಟಿಗೆ ಒಳಗಿರಿಸುವ ಪುಟ್ಟ ಬಲೂನು, ಇಲ್ಲವೆ ಹಯಲುರಾನಿಕ್ ಆಮ್ಲದಿಂದ ಮಾಡಿದ ಲೋಳೆ. ಈ ಆಮ್ಲವನ್ನು ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನಿಂದ ಬೇರ್ಪಡಿಸಿದರು. ಇದರ ಉದ್ದನೆಯ ಅಣುಗಳು ನೀರನ್ನು ವಿಪುಲವಾಗಿ ಹಿಡಿದಿಡುತ್ತವೆ. ಅಣುಗಳನ್ನು ಒಂದಕ್ಕೊಂದು ಹೆಣೆದಾಗ ಲೋಳೆ ಬೇಗ ಹರಿದುಹೋಗದೆ ಹಲವು ದಿನ ನಿಂತು, ಬಳಿಕ ತಾನಾಗಿ ಕರಗುತ್ತದೆ. ಇದರಿಂದ ಬೆಸುಗೆಗಳು ಕಡಿಮೆಯಾದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಹೆಚ್ಚು ಮಂದಿ ತಾಯಂದಿರಾದರೆಂದು ಹೇಳುವಷ್ಟು ಆಧಾರ ದೊರೆತಿಲ್ಲ.

ಮೂಡಿದ ಬೆಸುಗೆಯನ್ನು ದರ್ಶಕದ ನೆರವಿನಿಂದ ಕತ್ತರಿಸಬಹುದು. ಆದರೆ ಆ ಕತ್ತರಿಕೆಯೂ ಒಂದು ಗಾಯವೇ ಆದುದರಿಂದ ಬೆಸುಗೆ ಮತ್ತೆ ಮೂಡುವ ಭಯವುಂಟು. ಆದ್ದರಿಂದಲೇ ಮೊದಲ ಸಲದ ಎಚ್ಚರಿಕೆಗೆ ಇಷ್ಟು ಬೆಲೆ. ಇಂಥ ಚಿಕಿತ್ಸೆಯ ನಂತರ ಮುಟ್ಟು ಮರಳದಿದ್ದರೆ, ಅಥವಾ ತೀರ ಕಡಿಮೆಯಾದರೆ, ಸಂಕೋಚದಿಂದ ಸುಮ್ಮನಿರದೆ ವೈದ್ಯರಿಗೆ ತಿಳಿಸುವುದು ಅಗತ್ಯ.