ಸರಾಸರಿಗಳ ಸರಾಸರಿ: ಆರ್‌ಸಿಬಿಯ 2024ರ ಋತುವನ್ನು ಬಳಸಿ ಒಂದು ಗಣಿತ ಪಾಠ

ತರಗತಿ: 9ನೇ ತರಗತಿ, ಕನ್ನಡ ಮಾಧ್ಯಮ
ಶಾಲೆ: ವಿಜಯನಗರದ ಒಂದು ಅನುದಾನಿತ ಪ್ರೌಢಶಾಲೆ
ಅವಧಿ: 40 ನಿಮಿಷಗಳ ಎರಡು ಪಿರಿಯಡ್
ಪೂರ್ವಜ್ಞಾನ: ಅನುಪಾತ, ಭಿನ್ನರಾಶಿ, ದಶಮಾಂಶ, ಬಿಡಿ ದತ್ತಾಂಶದ ಸರಾಸರಿ
ಕಲಿಕೋಪಕರಣ: 14 ಪಂದ್ಯಗಳ ಅಂಕಿಪಟ್ಟಿಯ ಚಾರ್ಟ್, ಗುಂಪಿಗೊಂದು ಕ್ಯಾಲ್ಕುಲೇಟರ್

ವಿಷಯದ ಆಯ್ಕೆ

10ನೇ ತರಗತಿಯಲ್ಲಿ ವರ್ಗೀಕೃತ ದತ್ತಾಂಶದ ಸರಾಸರಿ ಬರುತ್ತದೆ. ಅಲ್ಲಿ ಬೆಲೆಯನ್ನು ಆವೃತ್ತಿಯಿಂದ ಗುಣಿಸಿ, ಮೊತ್ತವನ್ನು ಒಟ್ಟು ಆವೃತ್ತಿಯಿಂದ ಭಾಗಿಸಬೇಕು. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಆದರೆ 'ಎರಡು ಗುಂಪುಗಳ ಸರಾಸರಿ ಗೊತ್ತಿದ್ದರೆ ಅವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸಾಲದೇ?' ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿದೇ ಇರುತ್ತದೆ. ಆ ಪ್ರಶ್ನೆಗೆ ಒಂದು ವರ್ಷ ಮೊದಲೇ ನೆಲ ಹದ ಮಾಡುವುದು ಈ ಪಾಠದ ಉದ್ದೇಶ.

ಇದಕ್ಕೆ ನಾನು ಆರಿಸಿಕೊಂಡದ್ದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ 2024ರ ಐಪಿಎಲ್ ಋತು. ಜಿಂಬಾಬ್ವೆಯ ಮಾಜಿ ನಾಯಕ ಆ್ಯಂಡಿ ಫ್ಲವರ್ ಸಂಜಯ್ ಬಂಗಾರ್ ಅವರ ಸ್ಥಾನಕ್ಕೆ ಮುಖ್ಯ ಕೋಚ್ ಆಗಿ 2023ರ ಆಗಸ್ಟ್‌ನಲ್ಲಿ ನೇಮಕವಾಗಿದ್ದರು. ಅವರ ಕೈಕೆಳಗೆ ತಂಡ ಆಡಿದ ಮೊದಲ ಋತು ಇದು. ಕಪ್ ಗೆದ್ದ 2025ರ ಋತುವನ್ನು ಏಕೆ ಆರಿಸಲಿಲ್ಲ ಎಂದು ಸಹ ಪ್ರಶಿಕ್ಷಣಾರ್ಥಿಗಳು ಕೇಳಿದರು. ಆ ಗೆಲುವಿನ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ನಮ್ಮ ಊರಿನ ಮಕ್ಕಳಿಗೆ ಅದು ಇನ್ನೂ ಹಸಿಯಾದ ನೆನಪು. ಅದನ್ನು ಲೆಕ್ಕದ ಪಾಠಕ್ಕೆ ಪೀಠಿಕೆ ಮಾಡಲು ಮನಸ್ಸಾಗಲಿಲ್ಲ. ಗಣಿತದ ದೃಷ್ಟಿಯಿಂದಲೂ 2024ರ ಋತುವೇ ಹೆಚ್ಚು ಫಲವತ್ತಾದದ್ದು: ಮೊದಲ 8 ಪಂದ್ಯಗಳಲ್ಲಿ 7 ಸೋಲು, ಕೊನೆಯ 6 ಪಂದ್ಯಗಳಲ್ಲಿ ಆರೂ ಗೆಲುವು.

ಅಂಕಿಪಟ್ಟಿ

ಪ್ರತಿ ಸಾಲಿನಲ್ಲಿ ಎದುರಾಳಿ, ಆರ್‌ಸಿಬಿಯ ರನ್ ಮತ್ತು ಓವರ್, ಎದುರಾಳಿಯ ರನ್ ಮತ್ತು ಓವರ್, ಫಲಿತಾಂಶ ಇವೆ. ಓವರ್ ಬರೆಯದ ಕಡೆ 20 ಎಂದು ತಿಳಿಯಬೇಕು.

1. ಚೆನ್ನೈ: 173, 176 (18.4); ಸೋಲು
2. ಪಂಜಾಬ್: 178 (19.2), 176, ಗೆಲುವು
3. ಕೋಲ್ಕತ್ತ: 182, 186 (16.5); ಸೋಲು
4. ಲಖನೌ: 153 (19.4, ಆಲ್‌ಔಟ್), 181, ಸೋಲು
5. ರಾಜಸ್ಥಾನ: 183, 189 (19.1), ಸೋಲು
6. ಮುಂಬೈ: 196; 199 (15.3), ಸೋಲು
7. ಹೈದರಾಬಾದ್: 262, 287, ಸೋಲು
8. ಕೋಲ್ಕತ್ತ: 221, 222, ಸೋಲು
9. ಹೈದರಾಬಾದ್: 206, 171, ಗೆಲುವು
10. ಗುಜರಾತ್: 206 (16), 200, ಗೆಲುವು
11. ಗುಜರಾತ್: 152 (13.4), 147 (19.3, ಆಲ್‌ಔಟ್), ಗೆಲುವು
12. ಪಂಜಾಬ್: 241, 181 (17, ಆಲ್‌ಔಟ್), ಗೆಲುವು
13. ದೆಹಲಿ: 187, 140 (19.1, ಆಲ್‌ಔಟ್), ಗೆಲುವು
14. ಚೆನ್ನೈ: 218, 191, ಗೆಲುವು

ಚಾರ್ಟನ್ನು ಹಿಂದಿನ ದಿನವೇ ತರಗತಿಯಲ್ಲಿ ತೂಗುಹಾಕಿದ್ದೆ. ಪಾಠ ಶುರುವಾಗುವ ಹೊತ್ತಿಗೆ ಅರ್ಧ ತರಗತಿ ಅದನ್ನು ಓದಿ ಮುಗಿಸಿತ್ತು. ಕ್ರಿಕೆಟ್ ನೋಡದ ಮಕ್ಕಳೂ ಇದ್ದುದರಿಂದ ಹಲಗೆಯ ಬಲಮೂಲೆಯಲ್ಲಿ ಮೂರೇ ಸಾಲು ಬರೆದೆ: ಒಂದು ಓವರ್ ಎಂದರೆ 6 ಎಸೆತ, ಒಂದು ತಂಡಕ್ಕೆ 20 ಓವರ್, ಗೆದ್ದರೆ 2 ಅಂಕ. ಈ ಪಾಠಕ್ಕೆ ಇದಕ್ಕಿಂತ ಹೆಚ್ಚು ಕ್ರಿಕೆಟ್ ಬೇಕಾಗುವುದಿಲ್ಲ.

ತೊಡಗಿಸುವಿಕೆ: 14 ಅಂಕ, ನಾಲ್ಕು ತಂಡ

ಲೀಗ್ ಹಂತ ಮುಗಿದಾಗ ಆರ್‌ಸಿಬಿ, ಚೆನ್ನೈ, ದೆಹಲಿ, ಲಖನೌ ನಾಲ್ಕೂ ತಂಡಗಳು 14 ಅಂಕ ಗಳಿಸಿದ್ದವು. ಪ್ಲೇಆಫ್‌ನಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ. ಅದನ್ನು ನಿರ್ಧರಿಸಿದ್ದು ನೆಟ್ ರನ್‌ರೇಟ್: ಆರ್‌ಸಿಬಿ +0.459, ಚೆನ್ನೈ +0.392, ದೆಹಲಿ −0.377, ಲಖನೌ −0.667. 'ಈ 0.459 ಎಲ್ಲಿಂದ ಬಂತು?' ಎಂಬುದೇ ನಾನು ಕೇಳಿದ ಪ್ರಶ್ನೆ. ತಂಡ ಓವರಿಗೆ ಗಳಿಸಿದ ರನ್‌ನಿಂದ ಓವರಿಗೆ ಬಿಟ್ಟುಕೊಟ್ಟ ರನ್ ಕಳೆದರೆ ನೆಟ್ ರನ್‌ರೇಟ್ ಸಿಗುತ್ತದೆ ಎಂದು ಮಾತ್ರ ಹೇಳಿ, ಲೆಕ್ಕವನ್ನು ಮಕ್ಕಳಿಗೇ ಬಿಟ್ಟೆ.

ಅನ್ವೇಷಣೆ: 18.4ರಲ್ಲಿರುವ ಚುಕ್ಕೆ

ಮೊದಲ ಪಂದ್ಯದಲ್ಲಿ ಚೆನ್ನೈ 18.4 ಓವರ್‌ಗಳಲ್ಲಿ 176 ರನ್ ಗಳಿಸಿತು. ಬಹುತೇಕ ಗುಂಪುಗಳು 176 ÷ 18.4 ಎಂದು ಒತ್ತಿ 9.57 ಎಂದವು. ಆಗ ಕ್ರಿಕೆಟ್ ನೋಡುವ ಅಭ್ಯಾಸವಿಲ್ಲದ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮಿಸ್, ಓವರ್‌ಗೆ ಆರೇ ಎಸೆತ ಅಂದ್ರೆ 18.7 ಅಂತ ಬರೋದೇ ಇಲ್ವಾ?" ಪಾಠದ ಮೊದಲ ತಿರುವು ಈ ಪ್ರಶ್ನೆಯೇ. ಕ್ರಿಕೆಟ್ ಬಲ್ಲ ಹುಡುಗರು 'ಬರಲ್ಲ, 18.5 ಆದ್ಮೇಲೆ 19' ಎಂದು ಕೂಗಿದರು. ತಾವು ಹೇಳಿದ್ದರ ಅರ್ಥ ಅವರಿಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಇಲ್ಲಿನ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದರ ಬಲಕ್ಕಿರುವ ಅಂಕಿ ಹತ್ತನೆಯ ಭಾಗವನ್ನಲ್ಲ, ಆರನೆಯ ಭಾಗವನ್ನು ಹೇಳುತ್ತದೆ.

18.4 ಓವರ್ ಎಂದರೆ 18 4/6 ಓವರ್, ಅಂದರೆ 112 ಎಸೆತ. ಆದ್ದರಿಂದ ದರ 176 ÷ 112 × 6 = 9.43. ಎಲ್ಲ ಓವರ್‌ಗಳನ್ನೂ ಎಸೆತಗಳಿಗೆ ಪರಿವರ್ತಿಸುವುದೆಂದು ತರಗತಿಯೇ ತೀರ್ಮಾನಿಸಿತು. ಗಂಟೆ-ನಿಮಿಷದಲ್ಲೂ ಇದೇ ತೊಡಕಿದೆ ಎಂದು ಒಬ್ಬ ಹುಡುಗ ಹೇಳಿದ: ಒಂದೂವರೆ ಗಂಟೆಯನ್ನು 1.30 ಎಂದು ಬರೆದರೂ ಲೆಕ್ಕಕ್ಕೆ ಅದು 1.5.

ಎರಡನೆಯ ಪ್ರಶ್ನೆ ಆಲ್‌ಔಟ್ ನಿಯಮದ ಬಗ್ಗೆ ಬಂತು. 12ನೇ ಪಂದ್ಯದಲ್ಲಿ ಪಂಜಾಬ್ 17 ಓವರ್‌ಗಳಲ್ಲೇ 181ಕ್ಕೆ ಆಲ್‌ಔಟ್ ಆಯಿತು. ಆದರೆ ನಿಯಮದ ಪ್ರಕಾರ ಭಾಗಿಸಬೇಕಾದದ್ದು 20ರಿಂದ. ಕಾರಣವನ್ನು ಮಕ್ಕಳೇ ಕಂಡುಕೊಂಡರು: 17ರಿಂದ ಭಾಗಿಸಿದರೆ ದರ 10.65, 20ರಿಂದ ಭಾಗಿಸಿದರೆ 9.05. ಬೇಗ ಔಟಾದ ತಂಡಕ್ಕೆ ಲಾಭವಾಗಬಾರದು. ಛೇದ ಯಾವುದು ಎಂಬುದನ್ನು ಯೋಚಿಸಿಯೇ ಆರಿಸಬೇಕು ಎಂಬ ಮಾತು ನಾನು ಹೇಳದೆಯೇ ಅವರಿಂದ ಬಂತು.

ವಿವರಣೆ: ಎರಡು ಭಾಗ, ಮೂರು ಉತ್ತರ

ಎರಡನೆಯ ಪಿರಿಯಡ್‌ನಲ್ಲಿ ತರಗತಿಯ ಅರ್ಧದಷ್ಟು ಗುಂಪುಗಳಿಗೆ ಮೊದಲ 8 ಪಂದ್ಯಗಳು, ಉಳಿದವಕ್ಕೆ ಕೊನೆಯ 6 ಪಂದ್ಯಗಳು.

ಮೊದಲ 8 ಪಂದ್ಯ: 956 ಎಸೆತಗಳಲ್ಲಿ 1,548 ರನ್ ಗಳಿಕೆ, ದರ 9.716. ಬಿಟ್ಟುಕೊಟ್ಟದ್ದು 901 ಎಸೆತಗಳಲ್ಲಿ 1,616 ರನ್, ದರ 10.761. ವ್ಯತ್ಯಾಸ ಸುಮಾರು −1.046.

ಕೊನೆಯ 6 ಪಂದ್ಯ: 658 ಎಸೆತಗಳಲ್ಲಿ 1,210 ರನ್ ಗಳಿಕೆ, ದರ 11.033. ಬಿಟ್ಟುಕೊಟ್ಟದ್ದು 720 ಎಸೆತಗಳಲ್ಲಿ 1,030 ರನ್, ದರ 8.583. ವ್ಯತ್ಯಾಸ +2.450.

'ಹಾಗಾದರೆ ಇಡೀ ಋತುವಿನ ನೆಟ್ ರನ್‌ರೇಟ್ ಎಷ್ಟು?' ಎಂದು ಕೇಳಿದೆ. ಮೊದಲು ಬಂದ ಉತ್ತರ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದ 0.702. ಚಾರ್ಟಿನಲ್ಲಿರುವುದು 0.459. 'ಒಂದು ಕಡೆ 8 ಪಂದ್ಯ, ಇನ್ನೊಂದು ಕಡೆ 6 ಇದೆಯಲ್ಲ' ಎಂದು ಇನ್ನೊಂದು ಗುಂಪು ಎತ್ತಿತು. 8 ಮತ್ತು 6ರಿಂದ ಗುಣಿಸಿ 14ರಿಂದ ಭಾಗಿಸಿದರೆ 0.452. ಹತ್ತಿರ ಬಂತು, ಆದರೆ ಇನ್ನೂ ಸರಿಹೋಗಲಿಲ್ಲ. ಪಂದ್ಯಗಳನ್ನು ಎಣಿಸಿದೆವು, ಆದರೆ ದರದ ಛೇದದಲ್ಲಿ ಇರುವುದು ಎಸೆತಗಳು. ಕೊನೆಗೆ ಒಟ್ಟು ರನ್‌ಗಳನ್ನು ಒಟ್ಟು ಎಸೆತಗಳಿಂದ ಭಾಗಿಸಿದರು: 2,758 ÷ 1,614 × 6 = 10.253; 2,646 ÷ 1,621 × 6 = 9.794, ವ್ಯತ್ಯಾಸ 0.459. ಹಲಗೆಯ ಮೇಲೆ ಮೂರು ಉತ್ತರಗಳನ್ನೂ ಅಳಿಸದೆ ಉಳಿಸಿದೆ. ತಪ್ಪು ಉತ್ತರ ಸರಿ ಉತ್ತರದ ಕಡೆಗೆ ಹೇಗೆ ಹೆಜ್ಜೆ ಹೆಜ್ಜೆಯಾಗಿ ಸರಿಯಿತು ಎಂಬುದು ಮಕ್ಕಳ ಕಣ್ಣೆದುರೇ ಇರಬೇಕು.

ದರ ಎಷ್ಟು ಸೂಕ್ಷ್ಮ ಎಂದು ತೋರಿಸಲು ಕೊನೆಯ ಪಂದ್ಯವೇ ಸಾಕು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಗೆ ಗೆಲ್ಲಲು 219 ಬೇಕಿತ್ತು, ಆದರೆ ಪ್ಲೇಆಫ್‌ಗೆ 201 ಸಾಕಿತ್ತು. ಕೊನೆಯ ಓವರಿನಲ್ಲಿ 17 ರನ್ ಬೇಕಾಗಿದ್ದಾಗ ಯಶ್ ದಯಾಳ್ ಅವರ ಮೊದಲ ಎಸೆತವನ್ನು ಧೋನಿ ಸಿಕ್ಸರ್‌ಗೆ ಎತ್ತಿದರು, ಮುಂದಿನ ಎಸೆತದಲ್ಲಿ ಔಟಾದರು. ಆ ಓವರಿನಲ್ಲಿ ಬಂದದ್ದು 7 ರನ್. ಆರ್‌ಸಿಬಿಯ 14 ಪಂದ್ಯಗಳಲ್ಲಿ ಎರಡೂ ಕಡೆ ಸೇರಿ 5,404 ರನ್ ಹರಿದಿದ್ದವು. ಸ್ಥಾನ ನಿರ್ಧಾರವಾದದ್ದು 10 ರನ್‌ಗಳಲ್ಲಿ.

ವಿಸ್ತರಣೆ: ಹೊಸ ಕೋಚ್ ತಂಡವನ್ನು ಸುಧಾರಿಸಿದರೇ?

ಪಾಠ ಯೋಜನೆಯಲ್ಲಿ ಇದಕ್ಕೆ 10 ನಿಮಿಷ ಇಟ್ಟಿದ್ದೆ, ಅದು 20 ನಿಮಿಷಕ್ಕೆ ಬೆಳೆಯಿತು. ಮಾರ್ಗದರ್ಶಕ ಶಿಕ್ಷಕರು ಮುಂದುವರಿಸುವಂತೆ ಸನ್ನೆ ಮಾಡಿದರು.

'ಸುಧಾರಿಸಿದರು' ಎಂದ ಗುಂಪು ಕೊಟ್ಟ ಆಧಾರ: ಹಿಂದಿನ ವರ್ಷ 6ನೇ ಸ್ಥಾನ, ಈ ವರ್ಷ 4ನೇ ಸ್ಥಾನ. ಆಗ ನಾನು 2023ರ ಸಾಲನ್ನು ಹಲಗೆಯ ಮೇಲೆ ಬರೆದೆ: 14 ಪಂದ್ಯ, 7 ಗೆಲುವು, 7 ಸೋಲು, 14 ಅಂಕ. 2024ರಲ್ಲೂ 14 ಪಂದ್ಯ, 7 ಗೆಲುವು, 7 ಸೋಲು, 14 ಅಂಕ. ತರಗತಿ ಒಮ್ಮೆಲೇ ಸುಮ್ಮನಾಯಿತು. 2023ರಲ್ಲಿ ನಾಲ್ಕನೆಯ ತಂಡ 16 ಅಂಕ ಗಳಿಸಿತ್ತು, 2024ರಲ್ಲಿ 14 ಸಾಕಾಯಿತು. ಸ್ಥಾನ ಎಂಬುದು ನಮ್ಮ ಆಟದಿಂದ ಮಾತ್ರವಲ್ಲ, ಉಳಿದವರ ಆಟದಿಂದಲೂ ತೀರ್ಮಾನವಾಗುತ್ತದೆ.

'ಆದರೆ ಕೊನೆಯ ಆರು ಪಂದ್ಯ?' ಎಂಬ ವಾದ ಬಂತು. ಎದುರು ಗುಂಪಿನ ಉತ್ತರ ನೇರವಾಗಿತ್ತು: ಮೊದಲ ಎಂಟರಲ್ಲೂ ಅದೇ ಕೋಚ್ ಇದ್ದರಲ್ಲ. ಎರಡೂ ಭಾಗಗಳಲ್ಲಿ ಇದ್ದದ್ದು ಎರಡರ ನಡುವಿನ ವ್ಯತ್ಯಾಸಕ್ಕೆ ತಾನೊಂದೇ ಕಾರಣವಾಗಲಾರದು. ಹಾಗಾದರೆ ಏನು ಬದಲಾಯಿತು? ಬ್ಯಾಟಿಂಗ್ ದರ 1.32 ಏರಿತು, ಬೌಲಿಂಗ್ ದರ 2.18 ಇಳಿಯಿತು. ಆ ಋತುವಿನಲ್ಲಿ ಎಲ್ಲರೂ ಮಾತಾಡಿದ್ದು ಕೊಹ್ಲಿಯವರ 741 ರನ್‌ಗಳ ಬಗ್ಗೆ. ಹೆಚ್ಚು ಬದಲಾದದ್ದು ಬೌಲಿಂಗ್ ಎಂದು ಅಂಕಿಗಳು ಹೇಳುತ್ತವೆ. ಎಡಗೈ ಸ್ಪಿನ್ನರ್ ಸ್ವಪ್ನಿಲ್ ಸಿಂಗ್ 9ನೇ ಪಂದ್ಯದಲ್ಲಿ ತಂಡಕ್ಕೆ ಬಂದದ್ದನ್ನು ಒಬ್ಬ ಹುಡುಗ ನೆನಪಿಸಿದ. 'ಅವರನ್ನು ಆರಿಸಿದ್ದು ಯಾರು? ಕೋಚೇ ಇರಬಹುದಲ್ಲ' ಎಂದು ಇನ್ನೊಬ್ಬ ಕೇಳಿದ. ಇದೂ ನ್ಯಾಯವಾದ ಪ್ರಶ್ನೆಯೇ.

ಅತ್ಯುತ್ತಮ ಅಂಶ ಹಿಂದಿನ ಬೆಂಚಿನಿಂದ ಬಂತು. ಮೊದಲ 8 ಪಂದ್ಯಗಳಲ್ಲಿ 4 ಪಂದ್ಯಗಳು ಅಂತಿಮ ಪಟ್ಟಿಯ ಮೊದಲ ಮೂರು ತಂಡಗಳಾದ ಕೋಲ್ಕತ್ತ, ಹೈದರಾಬಾದ್, ರಾಜಸ್ಥಾನಗಳ ವಿರುದ್ಧ ಇದ್ದವು. ಕೊನೆಯ 6ರಲ್ಲಿ ಅಂಥದ್ದು ಒಂದೇ. 3 ಪಂದ್ಯಗಳು 8 ಮತ್ತು 9ನೇ ಸ್ಥಾನದ ಗುಜರಾತ್, ಪಂಜಾಬ್ ವಿರುದ್ಧ. "ಪ್ರಶ್ನೆಪತ್ರಿಕೆನೇ ಸುಲಭ ಆಗಿತ್ತು ಮಿಸ್" ಎಂದು ಆ ಹುಡುಗ ವಿವರಿಸಿದ. ಹೋಲಿಕೆಗೆ ಮೊದಲು ಎರಡೂ ಕಡೆಯ ಸನ್ನಿವೇಶ ಒಂದೇ ಆಗಿದೆಯೇ ಎಂದು ನೋಡಬೇಕೆಂಬ ತತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ತರಗತಿ ಒಪ್ಪಿದ ತೀರ್ಮಾನ: ಕೋಚ್ ಪಾತ್ರವಿಲ್ಲ ಎಂದು ಈ ಪಟ್ಟಿಯಿಂದ ಹೇಳಲಾಗದು, ಪಾತ್ರವಿದೆ ಎಂದೂ ಈ ಪಟ್ಟಿಯೊಂದರಿಂದಲೇ ಹೇಳಲಾಗದು. ಮೇ 22ರಂದು ಅಹಮದಾಬಾದಿನ ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು 4 ವಿಕೆಟ್‌ಗಳಿಂದ ಸೋತು ತಂಡ ಹೊರಬಿತ್ತು. ಮರುವರ್ಷ ಇದೇ ಕೋಚ್ ಇದ್ದಾಗ ಕಪ್ ಬಂತು. ಒಂದೇ ಋತುವಿನ ಮೇಲೆ ತೀರ್ಪು ಕೊಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೌಲ್ಯಮಾಪನ

ಎರಡು ಪ್ರಶ್ನೆಗಳನ್ನು ಕೊಟ್ಟೆ. (1) ಒಂದು ಶಾಲೆಯ ಎ ವಿಭಾಗದ 40 ಮಕ್ಕಳ ಗಣಿತದ ಸರಾಸರಿ 62, ಬಿ ವಿಭಾಗದ 20 ಮಕ್ಕಳ ಸರಾಸರಿ 47. ಒಟ್ಟು ಸರಾಸರಿ ಎಷ್ಟು? (2) ಕೆಂಗೇರಿಯಿಂದ ವಿಜಯನಗರಕ್ಕೆ ಹೋಗುವಾಗ ಬಸ್ ಗಂಟೆಗೆ 30 ಕಿ.ಮೀ., ಬರುವಾಗ 15 ಕಿ.ಮೀ. ವೇಗದಲ್ಲಿ ಸಾಗಿದರೆ ಸರಾಸರಿ ವೇಗ ಎಷ್ಟು? ಮೊದಲನೆಯದಕ್ಕೆ 54.5 ಅಲ್ಲ, 57 ಎಂದು ಹೆಚ್ಚಿನ ಮಕ್ಕಳು ಬರೆದರು. ಎರಡನೆಯದಕ್ಕೆ 22.5 ಎಂದವರೂ ಹಲವರಿದ್ದರು, ಉತ್ತರ 20. ಕಾಲವೇ ಛೇದ ಎಂಬುದು ಎಸೆತದಷ್ಟು ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಪ್ರತ್ಯೇಕ ಪಾಠ ಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಬಳಸುವವರು ಪಟ್ಟಿಯನ್ನು ಮೊದಲೇ ಕೊಡಿ, ಅಂತಿಮ ಉತ್ತರವನ್ನೂ ಕೊಡಿ. ಉತ್ತರ ಗೊತ್ತಿದ್ದಾಗಲೇ 0.702 ಏಕೆ ತಪ್ಪು ಎಂಬ ಹುಡುಕಾಟ ಶುರುವಾಗುತ್ತದೆ. ಪ್ರತಿ ಗುಂಪಿನಲ್ಲೂ ಕ್ರಿಕೆಟ್ ಗೊತ್ತಿಲ್ಲದ ಒಬ್ಬರಾದರೂ ಇರಲಿ. ಗೊತ್ತಿರುವವರು ಕೇಳದ ಪ್ರಶ್ನೆಯನ್ನು ಅವರು ಕೇಳುತ್ತಾರೆ.

ಕೊನೆಯದಾಗಿ, ನಮಗೇ ಅನ್ವಯಿಸುವ ಒಂದು ಮಾತು. ನಾಳೆ ನಾವು ಶಾಲೆಗಳಿಗೆ ಹೊಸ ಶಿಕ್ಷಕರಾಗಿ ಹೋಗುತ್ತೇವೆ. ವರ್ಷದ ಕೊನೆಗೆ ಶೇಕಡಾವಾರು ಫಲಿತಾಂಶದ ಹಾಳೆ ಬರುತ್ತದೆ. ಅದನ್ನು ನೋಡಿ ಯಾರನ್ನಾದರೂ ಹೊಗಳುವ, ಯಾರನ್ನಾದರೂ ದೂರುವ ಮಾತು ಶುರುವಾಗುತ್ತದೆ. ಆಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮಗಿರಲಿ: ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ? ಎಷ್ಟು ಮಕ್ಕಳ ಸರಾಸರಿ ಇದು? ಹೋಲಿಸಿದ ಎರಡು ವರ್ಷಗಳ ಮಕ್ಕಳೂ ಪ್ರಶ್ನೆಪತ್ರಿಕೆಯೂ ಒಂದೇ ಬಗೆಯವೇ? ಆ 9ನೇ ತರಗತಿಯ ಮಕ್ಕಳು ಎರಡು ಪಿರಿಯಡ್‌ಗಳಲ್ಲಿ ಈ ಮೂರನ್ನೂ ಕೇಳಿದರು.