ಬಿಲ್ಲು ಇಳಿಯಿತು, ಖರ್ಚು ಏರಿತು

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಪೇಟೆಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಒಂದೂವರೆ ಕಿಲೋಮೀಟರ್ ಮಣ್ಣಿನ ಏರುದಾರಿ. ಮಳೆಗಾಲಕ್ಕೆ ಬೇಕೇಬೇಕು ಎಂದು 2022ರಲ್ಲಿ ಡೀಸೆಲ್ಲಿನ ಫೋರ್ ಬೈ ಫೋರ್ ಜೀಪು ಕೊಂಡೆ. ಆಗ ಹಾಸನದಲ್ಲಿ ಕೆಲಸವಿತ್ತು. ವಾರಕ್ಕೆ ಮೂರು ದಿನ ಹೋಗಿಬರುತ್ತಿದ್ದೆ. ತಿಂಗಳಿಗೆ 1,200 ಕಿಲೋಮೀಟರ್ ಓಡುತ್ತಿತ್ತು, ಲೀಟರಿಗೆ ಹನ್ನೆರಡೂವರೆ ಮೈಲೇಜ್ ಬರುತ್ತಿತ್ತು. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ತಿಂಗಳ ಬಿಲ್ಲು 8,640 ರೂಪಾಯಿ.

ಎರಡು ವರ್ಷದ ಮೇಲೆ ಕೆಲಸ ಬಿಟ್ಟು ತೋಟಕ್ಕೇ ನಿಂತೆ. ಓಡಾಟ 600 ಕಿಲೋಮೀಟರಿಗೆ ಇಳಿಯಿತು, ಬಿಲ್ಲು 5,400ಕ್ಕೆ ಬಂತು. ಮನೆಯ ಲೆಕ್ಕದ ಪುಸ್ತಕ ನೋಡಿ ನಾನೂ ನನ್ನ ಹೆಂಡತಿಯೂ ಸಮಾಧಾನಪಟ್ಟೆವು. ದುಡ್ಡು ಉಳಿಸೋಣವೆಂದು ಹಾಸನಕ್ಕೆ ಹೋಗುವಾಗಲೂ ಬಸ್ಸು ಹಿಡಿಯತೊಡಗಿದ್ದೆ. ಜೀಪು ಮಗಳ ಶಾಲೆಗೆ, ಪೇಟೆಗೆ, ಕೆಲಸದವರನ್ನು ಕರೆತರುವುದಕ್ಕೆ ಮಾತ್ರ.

ಆರು ತಿಂಗಳು ಕಳೆದಿರಬೇಕು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಗಾಡಿ ಏರಿನಲ್ಲಿ ಎಳೆಯಲೊಲ್ಲದು. ಸರ್ವೀಸಿಗೆ ಒಯ್ದಾಗ ಮೆಕ್ಯಾನಿಕ್ ಆಯಿಲ್ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿದ. ಆಯಿಲ್ ಮೇಲಿನ ಗೆರೆ ದಾಟಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು. "ಸಾರ್, ನೀವು ಗಾಡಿ ಬಿಸಿಯಾಗೋಕೇ ಬಿಡ್ತಿಲ್ಲ. ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡ್ತೀರಿ. ಫಿಲ್ಟರ್ ಪೂರಾ ಮಸಿ" ಎಂದ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದಲ್ಲಿ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಅದನ್ನು ಸಾಧಿಸುವುದಕ್ಕೆ ಹೊಗೆಕೊಳವೆಯಲ್ಲಿ ಬಂದದ್ದೇ ಮೆಕ್ಯಾನಿಕ್ ಹೇಳಿದ ಡಿಪಿಎಫ್ ಎಂಬ ಫಿಲ್ಟರ್. ಜೇನುಗೂಡಿನಂಥ ಪಿಂಗಾಣಿ ಗಟ್ಟಿ. ಹೊಗೆ ಅದರ ಗೋಡೆಗಳ ಮೂಲಕ ಸೋಸಿಕೊಂಡು ಹೊರಗೆ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಉಳಿದ ಮಸಿಯನ್ನು ಆಗಾಗ ಸುಡಬೇಕು. ಬಚ್ಚಲ ಒಲೆಗೆ ಬೆಂಕಿ ಹಾಕಿ ಗೊತ್ತಿರುವವರಿಗೆ ಇದು ಹೊಸತಲ್ಲ. ಉರಿ ಚೆನ್ನಾಗಿದ್ದರೆ ಒಲೆಯ ಬಾಯಿ ತಾನೇ ಚೊಕ್ಕಟವಾಗುತ್ತದೆ. ಹಸಿ ಸೌದೆಯ ಮಂದ ಬೆಂಕಿಗೆ ಮಸಿ ಕಟ್ಟುತ್ತಲೇ ಹೋಗುತ್ತದೆ.

ಹೆದ್ದಾರಿಯಲ್ಲಿ ಹದವಾದ ವೇಗಕ್ಕೆ ಹೊಗೆ ಬಿಸಿಯಾಗಿಯೇ ಇರುವುದರಿಂದ ಒಂದಷ್ಟು ಮಸಿ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಉಳಿದದ್ದಕ್ಕೆ ಎಂಜಿನ್ನಿನ ಕಂಪ್ಯೂಟರ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರಿನ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಇದೇ ರೀಜನರೇಷನ್. ಹದಿನೈದಿಪ್ಪತ್ತು ನಿಮಿಷ ಗಾಡಿ ಓಡುತ್ತಿರಬೇಕು. ನಾವು ಶಾಲೆಯ ಗೇಟಿನಲ್ಲಿ ಕೀ ತಿರುಗಿಸಿಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಚಿಮ್ಮಿಸಿದ ಡೀಸೆಲ್ ದಂಡ. ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಆಯಿಲ್ಲಿಗೆ ಇಳಿಯುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ತೋಟದೊಳಗೆ ಫೋರ್ ಲೋ ಎಂಬ ನಿಧಾನದ ಗೇರಿನಲ್ಲಿ ತೆವಳಿಸುವುದರಿಂದಲೂ ಫಿಲ್ಟರಿಗೆ ಬೇಕಾದ ಉರಿ ಸಿಗುವುದಿಲ್ಲ.

ಅಂದು ರಾತ್ರಿ ಲೆಕ್ಕ ಹಾಕಿದೆ. ಹಾಸನದ ದಿನಗಳಲ್ಲಿ ಕಿಲೋಮೀಟರಿಗೆ 7 ರೂಪಾಯಿ 20 ಪೈಸೆ ಬೀಳುತ್ತಿತ್ತು. ಈಗ ಮೈಲೇಜ್ ಹತ್ತಕ್ಕೆ ಇಳಿದು 9 ರೂಪಾಯಿ ಆಗಿತ್ತು. ಸರ್ವೀಸಿನಲ್ಲಿ ಯಂತ್ರ ಹಚ್ಚಿ ಮಸಿ ಸುಟ್ಟಿದ್ದಕ್ಕೆ 3,800, ಅವಧಿಗೆ ಮುಂಚೆ ಆಯಿಲ್ ಬದಲಿಸಿದ್ದಕ್ಕೆ 6,700. ಇವನ್ನು ವರ್ಷದ 7,200 ಕಿಲೋಮೀಟರಿಗೆ ಹಂಚಿದರೆ ಇನ್ನೂ ಒಂದೂವರೆ ರೂಪಾಯಿ. ಬಿಲ್ಲು ಇಳಿಯಿತೆಂದು ನಾವು ಸಮಾಧಾನಪಟ್ಟ ವರ್ಷದಲ್ಲೇ ಪ್ರತಿ ಕಿಲೋಮೀಟರಿಗೆ ಹತ್ತೂವರೆ ರೂಪಾಯಿ ತೆತ್ತಿದ್ದೆವು. ಫಿಲ್ಟರ್ ಹೊಸದೇ ಹಾಕಿಸಬೇಕಾಗಿದ್ದರೆ ನನಗೆ ಹೇಳಿದ ದರ ಲಕ್ಷ ದಾಟಿತ್ತು.

ಎಲ್ಲ ತಪ್ಪೂ ಫಿಲ್ಟರಿನದಲ್ಲ. ಹೆಚ್ಚಿಗೆ ಸುಟ್ಟ ಡೀಸೆಲ್ ತಿಂಗಳಿಗೆ ಹನ್ನೆರಡು ಲೀಟರ್. ರೀಜನರೇಷನ್ ನಡೆಯುವಾಗ ಮೀಟರ್ ತೋರಿಸುವ ಮೈಲೇಜ್ ಹಿಡಿದು ನೋಡಿದೆ; ಒಂದು ಸಲಕ್ಕೆ ಲೀಟರಿಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ. ತಿಂಗಳಿಗೆ ಐದು ಸಲವಾದರೆ ನಾಲ್ಕೂವರೆ ಲೀಟರ್. ಮಿಕ್ಕ ಏಳೂವರೆ ಲೀಟರ್ ತಣ್ಣಗಿನ ಎಂಜಿನ್ನಿಗೂ ಕೆಳಗಿನ ಗೇರಿಗೂ ಹೋದದ್ದು. ಉಳಿತಾಯವೆಂದು ನಾನು ಮಾಡಿದ್ದು ತಲೆಕೆಳಗಾಗಿತ್ತು. ಜೀಪಿಗೆ ಹಿತವಾದ ಹಾಸನದ ದಾರಿಗೆ ಬಸ್ಸು, ಅದಕ್ಕೆ ಆಗದ ನಾಲ್ಕು ಕಿಲೋಮೀಟರಿಗೆ ಜೀಪು.

ಈಗ ಅದನ್ನು ಅದಲುಬದಲು ಮಾಡಿದ್ದೇವೆ. ಮಳೆಯಿಲ್ಲದ ತಿಂಗಳುಗಳಲ್ಲಿ ಶಾಲೆ, ಪೇಟೆಯ 400 ಕಿಲೋಮೀಟರನ್ನು ಸ್ಕೂಟರ್ ನೋಡಿಕೊಳ್ಳುತ್ತದೆ. ಒಂಬತ್ತು ಲೀಟರ್ ಪೆಟ್ರೋಲು, ಸುಮಾರು 900 ರೂಪಾಯಿ. ಗೊಬ್ಬರ, ಬ್ಯಾಂಕು, ಅಮ್ಮನ ಆಸ್ಪತ್ರೆ ಎಲ್ಲವನ್ನೂ ಒಂದೇ ದಿನಕ್ಕೆ ಕೂಡಿಸಿ ಹದಿನೈದು ದಿನಕ್ಕೊಮ್ಮೆ ಜೀಪಿನಲ್ಲಿ ಹಾಸನಕ್ಕೆ ಹೋಗಿಬರುತ್ತೇವೆ. ತೋಟದ ಓಡಾಟ ಸೇರಿ ಜೀಪು 360 ಕಿಲೋಮೀಟರ್ ಓಡುತ್ತದೆ, ಮೈಲೇಜ್ ಹನ್ನೆರಡು, ಡೀಸೆಲ್ಲಿಗೆ 2,700. ಎರಡೂ ಸೇರಿ 3,600 ರೂಪಾಯಿ. ಹಳದಿ ದೀಪ ಮತ್ತೆ ಹತ್ತಿಲ್ಲ.

ನಿಂತಾಗ ಎಂಜಿನ್ ಸ್ವಲ್ಪ ಜೋರಾಗಿ ಓಡುವುದು, ಮೈಲೇಜ್ ಅಂಕಿ ದಿಢೀರನೆ ಕುಸಿಯುವುದು, ಆಫ್ ಮಾಡಿದ ಮೇಲೂ ಫ್ಯಾನು ತಿರುಗುವುದು ರೀಜನರೇಷನ್ನಿನ ಗುರುತು. ಕಂಡರೆ ಇನ್ನೊಂದು ಸುತ್ತು ಓಡಿಸಿ ಮುಗಿಸಿಕೊಳ್ಳಿ. ಬೇಸಿಗೆಯಲ್ಲಿ ಆ ಹೊತ್ತಿಗೆ ಸಿಲ್ವರ್ ಓಕಿನ ಒಣ ತರಗಿನ ಮೇಲೆ ಗಾಡಿ ನಿಲ್ಲಿಸಬೇಡಿ, ಬೆಂಕಿ ಹತ್ತೀತು. ಆಯಿಲ್ ಕಡ್ಡಿ ತಿಂಗಳಿಗೊಮ್ಮೆ ನೋಡಿ, ಏರಿದ್ದರೂ ಅಪಾಯವೇ. ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಿಸಿ. ಮಸಿ ಸುಡುತ್ತದೆ, ಆಯಿಲ್ಲಿನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ.

ಫಿಲ್ಟರ್ ಕಿತ್ತುಹಾಕಿಸಿ, ಮೈಲೇಜ್ ಬರುತ್ತದೆ ಎಂದವರೂ ಇದ್ದರು. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಹೇಳಿದೆ. ಶಾಲೆಯ ಗೇಟಿನಲ್ಲಿ ಮಕ್ಕಳ ಮುಖಕ್ಕೆ ಆ ಹೊಗೆ ಬಿಟ್ಟು ಉಳಿಸುವ ದುಡ್ಡು ನನಗೆ ಬೇಡ.

ಡೀಸೆಲ್ಲೋ ಪೆಟ್ರೋಲೋ ಎಂದು ತೀರ್ಮಾನಿಸುವಾಗ ನಾವೆಲ್ಲ ತಿಂಗಳಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತೇವೆ. ಅದೊಂದೇ ಸಾಲದು. ಗಾಡಿ ಕೊಳ್ಳುವ ಮುಂಚೆ ಒಂದು ತಿಂಗಳು ಪುಟ್ಟ ಪುಸ್ತಕ ಇಟ್ಟು, ಪ್ರತಿ ಸಲ ಕೀ ತಿರುಗಿಸಿದಾಗ ಎಷ್ಟು ದೂರ ಹೋದಿರಿ ಎಂದು ಬರೆಯಿರಿ. ಹೆಚ್ಚಿನವು ಐದು ಕಿಲೋಮೀಟರಿನ ಒಳಗಿದ್ದರೆ ಡೀಸೆಲ್ ಜೀಪು ನಿಮ್ಮ ದುಡ್ಡು ಉಳಿಸುವುದಿಲ್ಲ.