ಮಕ್ಕಳ ಮುಖ ನೋಡಿ...



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭು ಯೇಸುವಿನ ಸಾಮತಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಹೆಂಡತಿ ಮಕ್ಕಳಿಗಿಂತಲೂ ತಮಗೆ ಮೊದಲ ಸ್ಥಾನ ಕೊಡದವನು ತಮ್ಮ ಶಿಷ್ಯನಾಗಲಾರನೆಂದು ಪ್ರಭು ಹೇಳಿದ್ದೂ ಅಲ್ಲಿಯೇ. ಬಲಿಪೂಜೆಯಲ್ಲಿ ಇದನ್ನು ತಲೆಬಾಗಿ ಕೇಳುತ್ತೇವೆ. ಆದರೆ ಸಂಸಾರಸ್ಥರು ಇದನ್ನು ಪಾಲಿಸುವುದು ಹೇಗೆ? ಈ ಲೆಕ್ಕವನ್ನು ನಿಜವಾಗಿ ಹಾಕಿದ ಒಬ್ಬರನ್ನು ನೋಡೋಣ.

ಫ್ರಾನ್ಜ್ ಯೇಗರ್‌ಸ್ಟೆಟರ್ 1907ರಲ್ಲಿ ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಹುಟ್ಟಿದ ರೈತರು. ಯೌವನದಲ್ಲಿ ಮೋಟಾರ್ ಸೈಕಲ್ ಏರಿ ಮೆರೆದವರೇ. 1936ರಲ್ಲಿ ಫ್ರಾನ್ಜಿಸ್ಕಾ ಅವರನ್ನು ವಿವಾಹವಾದ ಮೇಲೆ ಅವರ ವಿಶ್ವಾಸ ಆಳವಾಗುತ್ತಾ ಹೋಯಿತು. ಮೂವರು ಹೆಣ್ಣುಮಕ್ಕಳಾದರು. ಊರ ದೇವಾಲಯದಲ್ಲಿ ಪೂಜೆಯ ಸಿದ್ಧತೆ ಮಾಡುವ ಸೇವೆಯೂ ಅವರದಾಯಿತು.

ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಹೋರಾಡುವುದು ಪಾಪ ಎಂದು ಅವರಿಗೆ ಮನದಟ್ಟಾಯಿತು. ಅವರು ಹಟಮಾರಿಯಲ್ಲ. ಪ್ರಾರ್ಥಿಸಿದರು, ಗುರುಗಳನ್ನು ಕೇಳಿದರು, ಲಿಂಜ್‌ನ ಧರ್ಮಾಧ್ಯಕ್ಷರ ಬಳಿಗೂ ಹೋದರು. ಕುಟುಂಬದ ಹೊಣೆಯನ್ನು ನೆನೆಯಬೇಕೆಂಬ ಸಲಹೆಯೇ ಸಿಕ್ಕಿತು. 1943ರ ಮಾರ್ಚ್‌ನಲ್ಲಿ ಅವರು ಆಯುಧ ಹಿಡಿಯಲು ನಿರಾಕರಿಸಿದರು. ಗಾಯಾಳುಗಳ ಶುಶ್ರೂಷೆಗೆ ಸಿದ್ಧನೆಂದರೂ ಸೈನಿಕ ನ್ಯಾಯಾಲಯ ಒಪ್ಪಲಿಲ್ಲ. ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು.

ಅವರು ನನ್ನ ಬಳಿ ಬಂದಿದ್ದರೆ? ಬಹುಶಃ ನಾನೂ ಅದೇ ಸಲಹೆ ಕೊಡುತ್ತಿದ್ದೆ. ಗುರುವಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ನೋವಾಗುತ್ತದೆ. ಅದು ಕೆಟ್ಟ ಸಲಹೆಯೇನೂ ಅಲ್ಲ. ಕುಟುಂಬ ದೇವರೇ ಒಪ್ಪಿಸಿದ ಹೊಣೆ. ಆದರೆ ಹೆಂಡತಿ ಮಕ್ಕಳಿದ್ದಾರೆ ಎಂಬುದು ಪಾಪಕ್ಕೆ ಪರವಾನಗಿ ಅಲ್ಲವೆಂದು ಆ ರೈತರು ಕಂಡುಕೊಂಡಿದ್ದರು. ಅವರು ಮಡದಿ ಮಕ್ಕಳನ್ನು ಕಡಿಮೆ ಪ್ರೀತಿಸಲಿಲ್ಲ. ಅವರನ್ನು ದೇವರ ಕೈಗೊಪ್ಪಿಸಿದರು. ಪ್ರಭುವಿಗೆ ಮೊದಲ ಸ್ಥಾನ ಕೊಡುವುದೆಂದರೆ ಇದೇ.

ಮುಂಬಯಿಯ ಮಾಜಿ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್ ಅವರು ಎರಡನೇ ವ್ಯಾಟಿಕನ್ ಮಹಾಸಭೆಗೆ ಈ ರೈತರ ಉದಾಹರಣೆಯನ್ನೇ ಮುಂದಿಟ್ಟರು. ಮನಸ್ಸಾಕ್ಷಿಗಾಗಿ ಆಯುಧ ನಿರಾಕರಿಸುವವರನ್ನು ಕಾನೂನು ಮಾನವೀಯವಾಗಿ ನಡೆಸಿಕೊಳ್ಳಬೇಕೆಂದು 1965ರಲ್ಲಿ ಮಹಾಸಭೆ ಬೋಧಿಸಿತು. 2007ರ ಅಕ್ಟೋಬರ್ 26ರಂದು ಲಿಂಜ್‌ನಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ 94 ವರ್ಷದ ಫ್ರಾನ್ಜಿಸ್ಕಾ ಅಲ್ಲಿದ್ದರು.

ನಮ್ಮಲ್ಲಿ ಯಾರನ್ನೂ ಇಂದು ಶಿರಚ್ಛೇದಕ್ಕೆ ಒಯ್ಯುತ್ತಿಲ್ಲ. ಆದರೆ 'ಮಕ್ಕಳ ಮುಖ ನೋಡಿ ಮಾಡಿದೆ, ಫಾದರ್' ಎಂಬ ಮಾತು ನಮ್ಮ ನಡುವೆ ಹೊಸದಲ್ಲ. ಮಗನ ಕೆಲಸಕ್ಕಾಗಿ ಕೊಟ್ಟ ಲಂಚ, ಮಗಳ ಸೀಟಿಗಾಗಿ ಮಾಡಿಸಿದ ಸುಳ್ಳು ಪ್ರಮಾಣಪತ್ರ, ಮದುವೆಯಲ್ಲಿ ಎಣಿಸಿಕೊಂಡ ವರದಕ್ಷಿಣೆ, ಎಲ್ಲಕ್ಕೂ ಮಕ್ಕಳದೇ ನೆಪ. ಆ ಮಕ್ಕಳಾದರೋ ಎಲ್ಲವನ್ನೂ ನೋಡುತ್ತಿರುತ್ತಾರೆ. ನಾವು ಅವರಿಗಾಗಿ ಉಳಿಸುವ ಆಸ್ತಿಗಿಂತ ಮೊದಲೇ ನಮ್ಮ ನಡತೆ ಅವರ ಪಾಲಿಗೆ ಬರುತ್ತದೆ.

ಯೇಗರ್‌ಸ್ಟೆಟರ್ ಅವರ ಸ್ಮರಣೆಯ ದಿನ ಮೇ 21. ಅದು ಅವರು ಸತ್ತ ದಿನವಲ್ಲ, ಜ್ಞಾನಸ್ನಾನ ಪಡೆದ ದಿನ. ಶಿಷ್ಯತ್ವ ನಮಗೂ ಅಲ್ಲಿಯೇ ಆರಂಭವಾಯಿತು. ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕೂಡಿ ಲೂಕ 14:25-33 ಓದಿರಿ. 'ಮಕ್ಕಳಿಗಾಗಿ' ಎಂದು ನಾವು ಸಮರ್ಥಿಸಿಕೊಳ್ಳುತ್ತಿರುವ ಒಂದು ತಪ್ಪು ಯಾವುದೆಂದು ಗಂಡಹೆಂಡತಿ ಪರಸ್ಪರ ಕೇಳಿಕೊಳ್ಳಿರಿ. ಅದನ್ನು ಬಿಡುವ ಧೈರ್ಯವನ್ನು ಪ್ರಭು ನಿಮಗೂ ನನಗೂ ಕರುಣಿಸಲಿ.